ಇಕ್ಕಟ್ಟಿನ ನೀರು



ಇದೇ ಶಾಲೆಯಲ್ಲಿ ಸಲಾಮಿಸ್ ಯುದ್ಧದ ಇಸವಿ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಮಾತ್ರ ಮಲ್ಪೆಯ ಅಳಿವೆಯಲ್ಲಿ ದೋಣಿಗಳ ನೂಕುನುಗ್ಗಲು ಕಂಡ ದಿನ. ಕ್ರಿ.ಪೂ. 480ರಲ್ಲಿ ಗ್ರೀಕರ ಥೆಮಿಸ್ಟೊಕ್ಲಿಸ್ ಸುಳ್ಳು ಸುದ್ದಿ ಕಳಿಸಿ, ಪರ್ಷಿಯದ ದೊಡ್ಡ ನೌಕಾಪಡೆಯನ್ನು ಇಕ್ಕಟ್ಟಿನ ಜಲಸಂಧಿಗೆ ಬರಮಾಡಿಕೊಂಡ. ಅಲ್ಲಿ ಹಡಗು ತಿರುಗಿಸಲು ಜಾಗವಿಲ್ಲ, ಹೆಚ್ಚಿದ್ದದ್ದೇ ತೊಡಕಾಯಿತು.

ನಮ್ಮ ಬಸರೂರು ಹೊಳೆಯೊಳಗಿನ ಬಂದರು. ಕಡಲಿನಿಂದ ಬರುವವರು ಗಂಗೊಳ್ಳಿ ಅಳಿವೆ ದಾಟಲೇಬೇಕು. ಆದರೂ 1665ರ ಫೆಬ್ರವರಿಯಲ್ಲಿ ಶಿವಾಜಿಯ ನೌಕಾಪಡೆ ಹಠಾತ್ತನೆ ಬಂದು ಪೇಟೆಯನ್ನು ಸೂರೆ ಮಾಡಿತು. ಇಕ್ಕಟ್ಟು ಎರಡೂ ಕಡೆ ಇತ್ತು. ಸಲಾಮಿಸಿನಲ್ಲಿ ಕಾದು ಕುಳಿತವರಿದ್ದರು, ಅಷ್ಟೇ. ಶಿವಾಜಿಯನ್ನು ಹಲವು ದಿನ ತಡೆದದ್ದು ಹಿಂತಿರುಗುವಾಗ ಬೀಸಿದ ವಾಯವ್ಯದ ಗಾಳಿ. ಆ ಗಾಳಿಯ ಸ್ವಭಾವ ತಿಳಿಯಬೇಕಾದರೆ, ಮಕ್ಕಳೇ, ಪುಸ್ತಕ ಮುಚ್ಚಿ ನಮ್ಮ ಮೊಗವೀರ ಅಜ್ಜಂದಿರನ್ನು ಕೇಳಿ.