ಕಂಬಳದ ಕರೆಯಲ್ಲಿ ಹೊಸ ತೀರ್ಪುಗಾರರ ಜತೆ

ಮೂಡುಬಿದಿರೆ ಇರಲಿ, ಬಂಟ್ವಾಳದ ಹೊಕ್ಕಾಡಿಗೋಳಿ ಇರಲಿ, ಬೆಳ್ತಂಗಡಿಯ ವೇಣೂರು ಇರಲಿ, ಕಂಬಳ ಅಂದ್ರೆ ಎಲ್ಲರ ಮೊಬೈಲೂ ಕೋಣದ ಕಡೆ. ನಾನು ನೋಡೋದು ಹೊಸ ತೀರ್ಪುಗಾರರನ್ನ.

ಹಗ್ಗ, ನೇಗಿಲು ವಿಭಾಗಕ್ಕೆ ಓಟ ಮುಗಿಯುವ ಮಂಜೊಟ್ಟಿಯಲ್ಲಿ ಲೇಸರ್ ಇದೆ. ಕನೆಹಲಗೆ ಹಾಗಲ್ಲ ಮಾರಾಯ್ರೆ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ 6.5 ಕೋಲಿನ ನಿಶಾನೆಗೆ ತಾಗಿತಾ, 7.5ಕ್ಕಾ? ಕಣ್ಣೇ ಹೇಳಬೇಕು, ಸುತ್ತ ಅಷ್ಟು ಬೊಬ್ಬೆಯ ನಡುವೆ.

ನಾನು ಪಕ್ಕ ನಿಂತು ಸುಮ್ಮನಿರ್ತೇನೆ. ಅವರು ನೀರು ನೋಡ್ತಾರಾ, ಕೋಣ ನೋಡ್ತಾರಾ, ಯಾರ ಕೋಣ ಅಂತ ನೋಡ್ತಾರಾ? ಮೂರನೆಯದೇ ಅಪಾಯ. ಆಮೇಲೆ, ಜನರ ಎದುರಲ್ಲ, ಚಹಾ ಕುಡಿಯುವಾಗ ಕೇಳ್ತೇನೆ: "ಆ ಓಟದಲ್ಲಿ ನಿಮಗೆ ಏನು ಕಂಡಿತು?" "ತಪ್ಪು" ಅಂತ ಶುರು ಮಾಡಿದ್ರೆ ಮುಂದಿನ ಸಲ ನನ್ನ ಮುಖ ನೋಡಿ ತೀರ್ಪು ಕೊಡ್ತಾರೆ.

ಒಂದಕ್ಕೆ ಮಾತ್ರ ಚಹಾದವರೆಗೆ ಕಾಯಲ್ಲ. ಕೋಣ ಬಿಡುವ ಗಂತಿನಲ್ಲಿ ಹೊಡೆತ ಬಿದ್ರೆ ಆಗಲೇ ತಡೀಬೇಕು. ರಾಜ್ಯದ 2017ರ ತಿದ್ದುಪಡಿಯನ್ನ ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದದ್ದರಿಂದಲೇ ಕಂಬಳ ನಡೀತಿದೆ. ಎದುರಿಗಿರುವ ಯಜಮಾನರು ದೊಡ್ಡವರಾದ್ರೆ ಹೊಸಬರು ಹಿಂಜರೀತಾರೆ, ಸಹಜ. ನಾನು ಹೋಗಿ ಪಕ್ಕ ನಿಲ್ತೇನೆ. ಮಾತು ಅವರೇ ಆಡ್ಬೇಕು.