ಔಷಧಿಗೆ ನಾಳೆ ಎನ್ನಬೇಡಿ
(ಮಿಲ್ಲು ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಇಂದು ನಾವು ಬೋನಸ್ಸಿನ ಮಾತಾಡಲು ನಿಂತಿಲ್ಲ. ಅದಕ್ಕೂ ಮುಂಚಿನದು ಪ್ರಾಣದ ಪ್ರಶ್ನೆ. ರಕ್ತದಲ್ಲಿ ಎಚ್‌ಐವಿ ಇದೆಯೆಂದು ತಿಳಿದೂ ಔಷಧಿ ಹಿಡಿಯದೆ ಕುಳಿತವರು ನಮ್ಮ ನಡುವೆ ಇರಬಹುದು. ಅವರಿಗೆ ನಮ್ಮದು ಒಂದೇ ಮಾತು: ತಡಮಾಡದೆ ಆರಂಭಿಸಿ.

ನಾವು ಮಾಸ್ತರಿಕೆ ಮಾಡುತ್ತಿದ್ದಾಗ ನಮ್ಮ ವಿದ್ಯಾರ್ಥಿಯೊಬ್ಬನ ತಂದೆ ನೂಲುವ ಖಾತೆಯಲ್ಲಿದ್ದ. 2018ರಲ್ಲಿ ರೋಗ ಗೊತ್ತಾಯಿತು. ಚೀಟಿಯನ್ನು ಟ್ರಂಕಿನಲ್ಲಿಟ್ಟು, "ಮೈ ಗಟ್ಟಿಯಾಗಿದೆ, ಹಬ್ಬ ಕಳೆಯಲಿ" ಎಂದ. ನಮಗೂ ತಿಳಿದಿತ್ತು. ಅವನ ಮಾನ ಕಾಯುತ್ತೇವೆಂದು ನಾವೂ ಸುಮ್ಮನಿದ್ದೆವು. ಎಂಟು ತಿಂಗಳಿಗೆ ಕ್ಷಯ ಹಿಡಿಯಿತು. ಮಾನ ಉಳಿಯಿತು, ಮನುಷ್ಯ ಉಳಿಯಲಿಲ್ಲ.

ಈ ಔಷಧಿ ಸುಲಭವಾಗಿ ಬಡವನ ಕೈಗೆ ಬಂದದ್ದಲ್ಲ. ಒಂದು ಕಾಲಕ್ಕೆ ಇದರ ವರ್ಷದ ಬೆಲೆ ಹತ್ತು ಸಾವಿರ ಡಾಲರಿಗೂ ಮಿಕ್ಕಿತ್ತು. 2001ರಲ್ಲಿ ಮುಂಬಯಿಯ ಸಿಪ್ಲಾ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡಲು ಮುಂದಾಯಿತು. ಔಷಧವಸ್ತುವಿಗೆ ಪೇಟೆಂಟ್ ಕೊಡದಿದ್ದ 1970ರ ನಮ್ಮ ಕಾಯಿದೆಯೇ ಅದಕ್ಕೆ ದಾರಿಮಾಡಿತ್ತು. 2004ರ ಏಪ್ರಿಲ್ 1ರಿಂದ ಕೆಲವು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ವಿತರಣೆ ಆರಂಭವಾಯಿತು. ಆಗಲೂ ಸಿಡಿ4 ಎಂಬ ರಕ್ತಕಣದ ಲೆಕ್ಕ ಇಳಿಯುವವರೆಗೆ ಕಾಯಬೇಕಿತ್ತು. ಬೇಗ ಆರಂಭಿಸಿದವರಿಗೇ ಹೆಚ್ಚು ಕ್ಷೇಮವೆಂದು 2015ರಲ್ಲಿ ಸಿದ್ಧವಾಯಿತು. 2017ರಿಂದ ನಮ್ಮ ದೇಶದಲ್ಲಿ, ಲೆಕ್ಕ ಎಷ್ಟೇ ಇರಲಿ, ರೋಗ ಕಂಡವರಿಗೆಲ್ಲ ಚಿಕಿತ್ಸೆ.

ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ಅದರಲ್ಲಿ ಟೆನೋಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಇವೆ. ಮೊದಲು ವೈದ್ಯರು ಕ್ಷಯವನ್ನೂ ಮೂತ್ರಪಿಂಡವನ್ನೂ ಪರೀಕ್ಷಿಸುತ್ತಾರೆ. ಕ್ಷಯವಿದ್ದರೆ ಅದರ ಔಷಧಿ ಮುಂದೆ, ಇದು ಹಿಂದೆ. ಮೊದಲ ವಾರಗಳಲ್ಲಿ ತಲೆನೋವು, ಓಕರಿಕೆ, ನಿದ್ದೆಗೇಡು ಬರಬಹುದು. ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಮೈಯ ಶಕ್ತಿ ಮರಳುವಾಗ ಅಡಗಿದ್ದ ಕ್ಷಯ ಕೆರಳುವುದೂ ಉಂಟು. "ಮಾತ್ರೆಯೇ ಕೊಲ್ಲುತ್ತಿದೆ" ಎಂದು ನಿಲ್ಲಿಸಬೇಡಿ, ಆಸ್ಪತ್ರೆಗೆ ಓಡಿ. ಆಮ್ಲಶಾಮಕ, ಕಬ್ಬಿಣ, ಸುಣ್ಣದ ಮಾತ್ರೆ ತಿನ್ನುವವರು ವೈದ್ಯರಿಗೆ ತಿಳಿಸಬೇಕು. ಪಾಳಿ ಬದಲಾದರೂ ತಪ್ಪದ ಹೊತ್ತನ್ನು ಆರಿಸಿಕೊಳ್ಳಿ.

ಆರು ತಿಂಗಳಿಗೆ ವೈರಸ್ಸಿನ ಲೆಕ್ಕ ನೋಡುತ್ತಾರೆ. ಅದು ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ನಿಂತರೆ ದಾಂಪತ್ಯದಲ್ಲಿ ಸೋಂಕು ದಾಟುವುದಿಲ್ಲ. ಆದರೆ ರೋಗ ಬೇರುಸಹಿತ ಹೋಗದು, ಮಾತ್ರೆ ಜೀವನಪರ್ಯಂತ.

ಕೆಲಸ ಹೋದೀತೆಂಬ ಭಯವೇ? 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾಯಿದೆ, ಎಚ್‌ಐವಿಯ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡುವುದನ್ನೂ ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ನಿಷೇಧಿಸಿದೆ. ಆದರೆ ಕಾಗದದ ಕಾಯಿದೆ ಔಷಧಿ ತರಹೋದವನ ದಿನಗೂಲಿ ಕಟ್ಟಿಕೊಡುವುದಿಲ್ಲ. ಆದ್ದರಿಂದ ಆಸ್ಪತ್ರೆಗೆ ಹೋಗುವ ದಿನಕ್ಕೆ, ಯಾವ ರೋಗವೆಂದು ಕೇಳದೆ, ಸಂಬಳಸಹಿತ ರಜೆ ಕೊಡಬೇಕೆಂಬುದನ್ನು ನಮ್ಮ ಬೇಡಿಕೆಗಳ ಪಟ್ಟಿಗೆ ಸೇರಿಸೋಣ. ಅಂಗಡಿಯ ಸೋದರರೂ ತಮ್ಮ ಆಳುಗಳಿಗೆ ಇದನ್ನೇ ಕೊಡಲಿ.

ಒಮ್ಮೆ ಸುಮ್ಮನಿದ್ದು ಒಬ್ಬನನ್ನು ಕಳೆದುಕೊಂಡೆವು. ಇನ್ನು ಸುಮ್ಮನಿರಲಾರೆವು.