ತಾತನ ಗಣಿಗೆ ಟಿಕೆಟ್ ಎಷ್ಟು?

(ಮೆಲ್ಬರ್ನ್ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತು)



ಸಿಡ್ನಿಯಿಂದ ನನ್ನನ್ನು ಕರೆಸಿ ಹತ್ತು ನಿಮಿಷ ಕೊಟ್ಟಿದ್ದೀರಿ. ನಾನು ಕೋಡ್ ಬರೆಯುವವನು, ಭಾಷಣಕಾರನಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿನ್ನೆ ಮಗಳನ್ನು ಬೆಂಡಿಗೋದ ಸೆಂಟ್ರಲ್ ಡೆಬೋರಾ ಚಿನ್ನದ ಗಣಿಗೆ ಕರೆದೊಯ್ದಿದ್ದೆ. 1954ರಲ್ಲಿ ಮುಚ್ಚಿದ ಗಣಿ ಅದು. ಈಗ ಟಿಕೆಟ್ ಕೊಂಡು, ಹೆಲ್ಮೆಟ್ ತೊಟ್ಟು ಕೆಳಗಿಳಿಯಬಹುದು. ಮೇಲೆ ಬಂದ ಮಗಳು ಕೇಳಿದಳು: "ಅಪ್ಪಾ, ತಾತನ ಗಣಿಗೆ ಟಿಕೆಟ್ ಎಷ್ಟು?"

ನನ್ನ ಬಳಿ ಉತ್ತರವಿರಲಿಲ್ಲ.

ನಮ್ಮ ತಂದೆ ಕೆ.ಜಿ.ಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಕಾರ್ಮಿಕರನ್ನು ಇಳಿಸಿ ಏರಿಸುವ ಯಂತ್ರ ನಡೆಸುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಆ ನೆಲದಿಂದ ಸುಮಾರು 800 ಟನ್ ಚಿನ್ನ ಬಂತು. ಆಳ 3 ಕಿಲೋಮೀಟರ್ ದಾಟಿತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದದ್ದು ಈ ಗಣಿಗಾಗಿಯೇ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಆಮೇಲೆ, 1905ರಲ್ಲಿ! 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋಗಳ ಜಾಡು ಹಿಡಿದದ್ದೂ ಅಲ್ಲಿಯ ಆಳದಲ್ಲೇ.

ಅದಿರಿನಲ್ಲಿ ಚಿನ್ನ ಕಡಿಮೆಯಾಯಿತು, ಆಳ ಹೆಚ್ಚಿದಂತೆ ಖರ್ಚು ಏರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದು ಅಪ್ಪ ಮನೆಗೆ ಬಂದು ಹೆಲ್ಮೆಟ್ಟನ್ನು ಮೊಳೆಗೆ ತೂಗುಹಾಕಿದರು. ಊಟಕ್ಕೆ ಕೂರಲಿಲ್ಲ. ನಮ್ಮ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಕೇಳಿಸುತ್ತಿದ್ದವು. ಆ ರಾತ್ರಿ ಯಾವುದೂ ಕೇಳಿಸಲಿಲ್ಲ.

ಗಣಿ ಮುಚ್ಚಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬೆಂಡಿಗೋದ್ದೂ ಮುಚ್ಚಿತು. ಸಿಡ್ನಿಯ ಟ್ರಾಮುಗಳಿಗೆ ಕರೆಂಟ್ ಕೊಡುತ್ತಿದ್ದ ಅಲ್ಟಿಮೋ ವಿದ್ಯುತ್ ಕೇಂದ್ರವೂ ನಿಂತುಹೋಗಿತ್ತು; 1988ರಲ್ಲಿ ಅದೇ ಪವರ್‌ಹೌಸ್ ಮ್ಯೂಸಿಯಂ ಆಯಿತು. ಕೆಲಸ ನಿಂತ ಮೇಲೂ ಇವರು ನೆನಪನ್ನು ಬಿಡಲಿಲ್ಲ. ನಾವು ಕೆಲಸದ ಜೊತೆಗೇ ನೆನಪನ್ನೂ ಕೈಬಿಡುತ್ತಿದ್ದೇವೆ.

ಕಟ್ಟಡ ಉಳಿಸುವುದು ಸರ್ಕಾರದ ಕೈಯಲ್ಲಿದೆ. ಮಾತು ಉಳಿಸುವುದು ನಮ್ಮ ಕೈಯಲ್ಲಿದೆ. ಈ ಸಭೆಯಲ್ಲಿ ಎಷ್ಟೋ ಜನರ ಹೆತ್ತವರು ಎಚ್.ಎಂ.ಟಿ., ಬಿನ್ನಿ ಮಿಲ್, ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದವರು. ಈ ವಾರ ಅವರಿಗೆ ಫೋನ್ ಮಾಡಿ, ಕೆಲಸದ ಬಗ್ಗೆ ಕೇಳಿ, ರೆಕಾರ್ಡ್ ಮಾಡಿಕೊಳ್ಳಿ. ಹಳೆಯ ಫೋಟೋ, ಗುರುತಿನ ಚೀಟಿ ಸ್ಕ್ಯಾನ್ ಮಾಡಿಸಿ. ಒಂದೆಡೆ ಜೋಡಿಸಿಡುವ ತಾಂತ್ರಿಕ ಕೆಲಸ ನನ್ನದು.

ನಿನ್ನೆ ರಾತ್ರಿ ನಾನೂ ಅಪ್ಪನಿಗೆ ಫೋನ್ ಮಾಡಿದೆ. ಗಣಿಯ ಗಂಟೆಯ ಸಂಕೇತಗಳನ್ನು ಮೊಮ್ಮಗಳಿಗೆ ಹೇಳಿಕೊಟ್ಟರು. "ಮೂರು ಸಲ ಹೊಡೆದರೆ ಒಳಗೆ ಮನುಷ್ಯರಿದ್ದಾರೆ ಅಂತ. ಆಗ ಜೋಪಾನವಾಗಿ ಎತ್ತಬೇಕು, ಮಗಳೇ."